ಸೆಕೆಂಡಿಗೆ ಐದು ಚಿತ್ರ

ನಮ್ಮಕ್ಕ ಅಲಿವೇಲು ಬೈಯಲು ಶುರು ಮಾಡಿದರೆ ಬೀದಿಯ ಆ ತುದಿಯಲ್ಲಿದ್ದವರಿಗೂ ಗೊತ್ತಾಗುತ್ತಿತ್ತು. ಆದರೆ ಒಂದು ಚೂರೂ ಸದ್ದಿರುತ್ತಿರಲಿಲ್ಲ. ಹುಟ್ಟಿನಿಂದ ಅವಳಿಗೆ ಕಿವಿ ಕೇಳಿಸುತ್ತಿರಲಿಲ್ಲ, ಮಾತೂ ಬಂದಿರಲಿಲ್ಲ. ಬೈಗುಳವೆಲ್ಲ ಕೈಯಲ್ಲೇ. ಕೊಳಾಯಿಯ ಹತ್ತಿರ ಯಾರಾದರೂ ಸಾಲು ತಪ್ಪಿಸಿ ಬಿಂದಿಗೆ ಮುಂದಕ್ಕೆ ತಳ್ಳಿದರೆ, ಅಕ್ಕ ತನ್ನ ಬಿಂದಿಗೆಯನ್ನು ನೆಲಕ್ಕಿಟ್ಟು, ಸೆರಗು ಸಿಕ್ಕಿಸಿ, ಎರಡು ಕೈಯನ್ನೂ ಖಾಲಿ ಮಾಡಿಕೊಳ್ಳುತ್ತಿದ್ದಳು. ಅಷ್ಟು ಸಾಕಾಗಿತ್ತು. "ಬಿಂದ್ಗೆ ಕೆಳಗಿಟ್ಳು ಕಣಮ್ಮೋ, ಇನ್ನು ನಿನ್ ಕತೆ ಮುಗೀತು!" ಅಂತ ಹೆಂಗಸರು ನಗುತ್ತಾ ಹಿಂದೆ ಸರಿಯುತ್ತಿದ್ದರು.

ನಮ್ಮದು ಮಗ್ಗದ ಮನೆ. ಅಪ್ಪ ನಡುಮನೆಯಲ್ಲಿ ಎರಡು ಪವರ್‌ಲೂಮ್ ಹಾಕಿಕೊಂಡಿದ್ದ. ಅವು ಓಡುತ್ತಿರುವಾಗ ಕಿವಿಗೆ ಬಾಯಿಟ್ಟು ಕಿರುಚಿದರೂ ಅರ್ಧ ಮಾತು ಕೇಳುವುದಿಲ್ಲ. ಅದಕ್ಕೇ ಹಿಂದೂಪುರದ ನಮ್ಮ ಬೀದಿಯಲ್ಲಿ ಎಲ್ಲರಿಗೂ ನಾಲ್ಕು ಕೈಸನ್ನೆ ಬರುತ್ತಿದ್ದವು. ಎಳೆ ಕಿತ್ತಿದೆ, ಮಗ್ಗ ನಿಲ್ಲಿಸು, ಊಟಕ್ಕೆ ಬಾ, ಹೀಗೆ. ಅಮ್ಮ ಹೇಳುತ್ತಿದ್ದಳು, "ಈ ಮನ್ಯಾಗೆ ಕಿವುಡಿ ಅವ್ಳೊಬ್ಳೇ ಅಲ್ಲ ಕಣ್ಲಾ. ಬೆಳಗಿಂದ ಸಂಜೆ ಗಂಟ ನಾವೆಲ್ಲ ಕಿವುಡ್ರೇ."

ಆ ನಾಲ್ಕು ಸನ್ನೆಗಳನ್ನೇ ಹಿಡಿದು ಅಕ್ಕ ಒಂದು ಪೂರ್ತಿ ಭಾಷೆ ಕಟ್ಟಿಕೊಂಡಿದ್ದಳು. ಎರಡು ತೋರುಬೆರಳು ತುದಿಗೆ ತುದಿ ಸೇರಿಸಿದರೆ ಎಳೆ. ಬೇರೆ ಮಾಡಿದರೆ ಯಾರೋ ಹೊರಟುಹೋದರು ಅಂತ. ಬೇರೆಯಾದ ಬೆರಳು ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೊಮ್ಮೆ ತಾಗಿ ಬಿಟ್ಟರೆ, ಹೋದವರು ತಿರುಗಿ ಬರುತ್ತಾರೆ. ತಾಗದಿದ್ದರೆ ಬರುವುದಿಲ್ಲ, ಸತ್ತರು. ಅವಳ ಕೈ ಎಷ್ಟು ಚುರುಕಾಗಿತ್ತೆಂದರೆ ಅಪ್ಪನಿಗೇ ಎಷ್ಟೋ ಸಲ ತಿಳಿಯದೆ "ನಿಧಾನ, ನಿಧಾನ" ಅನ್ನುತ್ತಿದ್ದ. ಪೂರ್ತಿ ತಿಳಿಯುತ್ತಿದ್ದದ್ದು ಅಮ್ಮನಿಗೆ ಮತ್ತು ನನಗೆ. ನಾನು ಅವಳ ಸೊಂಟದ ಮೇಲೆ ಬೆಳೆದವನು. ಎಲ್ಲರಿಗೂ ಒಂದೊಂದು ಹೆಸರು ಇಟ್ಟಿದ್ದಳು. ನನ್ನ ಹೆಸರು ಅಂಗೈಯಿಂದ ಮೂಗು ಒರೆಸುವುದು. ಮೀಸೆ ಬಂದ ಮೇಲೂ ನಾನು ಅವಳಿಗೆ ಸಿಂಬಳದವನೇ. ಜಗಳವಾಡುವಾಗ ನಾನು ಸೋಲುವ ಹಾಗಾದರೆ ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದೆ. ಅದು ಅವಳ ಬಾಯಿ ಮುಚ್ಚಿದ ಹಾಗೆ. ಅವಳು ನನ್ನ ರೆಪ್ಪೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಉಳಿದ ಬೈಗುಳ ಮುಗಿಸುತ್ತಿದ್ದಳು.

ಆ ಮಾತನ್ನು ಕೊನೆಗೆ ಕೆಡಿಸಿದವನು ನಾನು. ಅದನ್ನು ಹೇಳಬೇಕಂತಲೇ, ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ಇದನ್ನು ಬರೆಯುತ್ತಿದ್ದೇನೆ.

ಅಕ್ಕನನ್ನು ನೋಡಲು ಬಂದವನು ಕಲ್ಯಾಣದುರ್ಗದ ನರಸಿಂಹಲು. ಜೀಪು ಓಡಿಸುತ್ತಿದ್ದ. ಹಳ್ಳಿಗಳ ಕಡೆ ಹೋಗುವವರನ್ನು ಕೂಗಿ ಕೂಗಿ ತುಂಬಿಸಿಕೊಳ್ಳುವ ಕೆಲಸ, ಹಾಗಾಗಿ ಬಾಯಿ ನಿಲ್ಲುತ್ತಲೇ ಇರಲಿಲ್ಲ. ನಮ್ಮ ಮನೆಯ ಚಾಪೆಯ ಮೇಲೆ ಕೂತು ಜೀಪು, ರಸ್ತೆ, ಕಡಲೆಕಾಯಿ ಬೆಳೆ, ಅವರಮ್ಮನ ಮಂಡಿನೋವು, ಎಲ್ಲ ಹೇಳಿದ. ಅಕ್ಕ ಬಾಗಿಲಿಗೊರಗಿ ಅವನ ತುಟಿ ಆಡುವುದನ್ನೇ ನೋಡುತ್ತಿದ್ದವಳು ನನ್ನ ಕಡೆ ತಿರುಗಿ ಕೈಯಾಡಿಸಿದಳು.

"ಏನಂತಾಳಪ್ಪಾ?" ಅಂದ.

ನಾನು ಅಪ್ಪನ ಮುಖ ನೋಡಿದೆ.

"ಹೇಳಪ್ಪಾ, ಪರ್ವಾಗಿಲ್ಲ."

"ಇವ್ನ ಬಾಯಿ ಮಗ್ಗಕ್ಕಿಂತ ಜೋರಾಗಿ ಓಡ್ತೈತೆ, ಸದ್ಯ ನಂಗೆ ಕೇಳ್ಸಲ್ಲ, ಒಪ್ಗೆ ಅಂತ ಹೇಳು ಅಂತವ್ಳೆ."

ಅವನು ನಕ್ಕ ನಗುವಿಗೆ ಲೋಟದ ಕಾಫಿ ಅರ್ಧ ಪಂಚೆಯ ಮೇಲೆ ಬಿತ್ತು. "ಈ ಪಿಲ್ಲೇ ಕಾವಾಲ ನಾಕು!" ಅಂದ ತೆಲುಗಿನಲ್ಲಿ. ಈ ಹುಡುಗಿಯೇ ಬೇಕು ನನಗೆ ಅಂತ. ಆಮೇಲೆ ಅವನೇ ನಮ್ಮ ಬಾವ ಆದ. ಕೈಮಾತು ಅವನಿಗೆ ಅಷ್ಟಾಗಿ ಹತ್ತಲಿಲ್ಲ. ಬೇಕಾದ್ದು, ಬೇಡವಾದ್ದು, ಕೋಪ, ನಗು, ಇಷ್ಟು ಕಲಿತ. ಅಷ್ಟರಲ್ಲೇ ಇಬ್ಬರೂ ಚೆನ್ನಾಗಿದ್ದರು.

ಅವರಿಗೆ ಪಾವನಿ ಹುಟ್ಟಿದಳು. ಮಗುವಿಗೆ ಕಿವಿ ಕೇಳುತ್ತಿತ್ತು. ಅದು ಅತ್ತರೆ ತನಗೆ ಗೊತ್ತಾಗುವುದಿಲ್ಲವೆಂದು ಅಕ್ಕ ತೊಟ್ಟಿಲಿಗೆ ಒಂದು ರೇಷ್ಮೆ ಎಳೆ ಕಟ್ಟಿ, ಅದರ ತುದಿಯನ್ನು ತನ್ನ ಬಳೆಗೆ ಸುತ್ತಿಕೊಂಡು ಅಡುಗೆ ಮಾಡುತ್ತಿದ್ದಳು. ಮಗು ಒದ್ದಾಡಿದರೆ ಬಳೆ ಅಲುಗುತ್ತಿತ್ತು. "ನಿಮ್ಮಕ್ಕ ಮಗೀನೇ ನೇಯ್ತಾವ್ಳೆ ಕಣಪ್ಪ" ಅಂತ ಬಾವ ನನಗೆ ಹೇಳುತ್ತಿದ್ದ.

ಪಾವನಿಗೆ ಮೂರು ವರ್ಷವಾಗುವಷ್ಟರಲ್ಲಿ ಅಕ್ಕ ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡತೊಡಗಿದಳು. ಅನಂತಪುರದ ಆಸ್ಪತ್ರೆಯಲ್ಲಿ ಹೃದಯದ ಕವಾಟ ಕೆಟ್ಟಿದೆ, ಆಪರೇಷನ್ ತಡೆಯುವ ಶಕ್ತಿ ಈ ದೇಹದಲ್ಲಿ ಇಲ್ಲ ಅಂದರು. ಬಾವ ಅದನ್ನು ಅವಳಿಗೆ ಹೇಳಲಿಲ್ಲ. ನಾನೂ ಹೇಳಲಿಲ್ಲ. ನಾನು ನೋಡಲು ಹೋದಾಗ ಅವಳೇ ನನ್ನನ್ನು ಪಕ್ಕಕ್ಕೆ ಕರೆದು ಕೈಯಲ್ಲಿ ಹೇಳಿದಳು, "ನಿಮ್ ಬಾವ ಮಾತಾಡೋದು ನಿಲ್ಸವ್ನೆ. ನಂದು ಮುಗೀತು ಅಲ್ವಾ?"

ನಾನು ಕಣ್ಣು ಮುಚ್ಚಿಕೊಂಡೆ. ಈ ಸಲ ಅವಳು ನನ್ನ ರೆಪ್ಪೆ ಎತ್ತಲಿಲ್ಲ. ನಾನಾಗಿ ಕಣ್ಣು ಬಿಡುವವರೆಗೂ ಕಾದಳು. ಆಮೇಲೆ ಕೇಳಿದ್ದು ಒಂದೇ. "ನೀನು ಮದುವೆಯೋರನ್ನ ಸೀಡಿಯೊಳಗೆ ಹಾಕ್ತೀಯಲ್ಲ, ನನ್ನನ್ನೂ ಹಾಕು. ಮಗೀಗೆ ಹೇಳ್ಬೇಕಾದ್ದೆಲ್ಲ ಹೇಳಿಟ್ ಹೋಯ್ತೀನಿ. ಇಲ್ದಿದ್ರೆ ವರ್ಷದೊಳಗೆ ನನ್ ಮಾತು ಮರೀತಾಳೆ. ಅವ್ಳು ನೋಡ್ವಾಗ ನೀನು ಪಕ್ಕದಾಗೆ ಕೂತು ಅರ್ಥ ಹೇಳು."

ಆಗ ಅಪ್ಪ ಅಮ್ಮ ಇಬ್ಬರೂ ತೀರಿಕೊಂಡಿದ್ದರು. ಆ ಮಾತು ಬಲ್ಲವರು ಉಳಿದದ್ದು ಅವಳು ಮತ್ತು ನಾನು. ಆಗಲಿ ಅಂದೆ.

ನಾನು ಹಿಂದೂಪುರದ ಒಂದು ಫೋಟೋ ಸ್ಟುಡಿಯೋದಲ್ಲಿ ಮದುವೆ ವೀಡಿಯೋ ತೆಗೆಯುವುದು, ಮಿಕ್ಸಿಂಗ್ ಮಾಡುವುದು, ಎರಡೂ ಕೆಲಸ ಮಾಡುತ್ತಿದ್ದೆ. ಓನರ್ ರೆಡ್ಡಣ್ಣ ಹೊಸ ಡಿಜಿಟಲ್ ಕ್ಯಾಮೆರಾ ತಂದಿದ್ದರು. ಅದನ್ನೂ ನಾಲ್ಕು ಮೆಮೊರಿ ಕಾರ್ಡುಗಳನ್ನೂ ಭಾನುವಾರಗಳಲ್ಲಿ ನನಗೆ ಕೊಟ್ಟರು. ಐದು ಭಾನುವಾರ ಬಸ್ಸು ಬದಲಿಸಿ ಕಲ್ಯಾಣದುರ್ಗಕ್ಕೆ ಹೋದೆ. ಸುಣ್ಣದ ಗೋಡೆಯ ಮುಂದೆ ಕುರ್ಚಿ ಹಾಕಿ, ಬೆಳಗಿನ ಬಿಸಿಲು ಅವಳ ಎಡಗೆನ್ನೆಗೆ ಬೀಳುವ ಹಾಗೆ ಕೂರಿಸಿದೆ. ಅವಳು ಮಗಳಿಗೆ ಹೇಳಲು ಶುರು ಮಾಡಿದಳು. ನಾನು ಅವಳ ಮಾತು ಓದಲಿಲ್ಲ. ನಾನು ನೋಡುತ್ತಿದ್ದದ್ದು ಬೆಳಕು. ಸೊರಗಿದ ಮುಖ ಫ್ರೇಮಿನಲ್ಲಿ ಚೆನ್ನಾಗಿ ಬರುತ್ತಿದೆಯಾ, ಹಣೆಯ ಮೇಲೆ ಬಿಳುಪು ಹೊಡೆಯುತ್ತಿದೆಯಾ, ಅಷ್ಟೇ. ಒಂದು ಸಲ ತಡೆದು, "ಕೈ ಕೆಳಗೆ ಇಟ್ಕೊಳಕ್ಕ, ಮುಖಕ್ಕೆ ಅಡ್ಡ ಬತ್ತೈತೆ" ಅಂತ ಸನ್ನೆ ಮಾಡಿದೆ. ಅವಳು ಉರಿದುಬಿದ್ದಳು. "ಕೈ ತೆಗೆದ್ರೆ ಇನ್ಯಾತರಾಗೆ ಹೇಳ್ಲಿ, ಸಿಂಬಳದೋನೆ? ನನ್ ಮುಖ ತಗೊಂಡು ಅವ್ಳೇನು ಮಾಡ್ತಾಳೆ?"

ಆ ಮಾತು ಮಾತ್ರ ನನಗೆ ಪೂರ್ತಿ ನೆನಪಿದೆ. ಯಾಕೆಂದರೆ ಅದನ್ನು ನನಗೆ ಹೇಳಿದಳು, ಆಗ ಕ್ಯಾಮೆರಾ ನಿಲ್ಲಿಸಿದ್ದೆ.

ಎಲ್ಲ ಸೇರಿ ಹತ್ತಿರ ಹತ್ತಿರ ಮೂರು ಗಂಟೆ ಆಯಿತು. ಆ ಫೈಲುಗಳು ಸ್ಟುಡಿಯೋ ಕಂಪ್ಯೂಟರಿನಲ್ಲಿದ್ದ ಜಾಗವನ್ನೆಲ್ಲ ತಿಂದವು. ಅಷ್ಟರಲ್ಲಿ ಮುಹೂರ್ತಗಳು ಬಂದವು. ಪರಿಗಿಯಲ್ಲಿ ಎರಡು ಮದುವೆ, ಲೇಪಾಕ್ಷಿಯಲ್ಲಿ ಒಂದು. ರೆಡ್ಡಣ್ಣ ಹೇಳಿದರು, "ಒರೇ, ನಿಮ್ಮಕ್ಕಂದು ಖಾಲಿ ಮಾಡ್ಬೇಕು ಕಣೋ. ಐದಾರು ಡೀವೀಡೀಗೆ ಹಂಗೇ ಬರ್ದಿಟ್ಕೋ. ಇಲ್ಲಾ ಸೈಜು ತಗ್ಗಿಸ್ತೀಯಾ, ಚಿತ್ರ ಚಿಕ್ದು ಮಾಡು, ಮಸುಕಾದ್ರೂ ಆಗ್ಲಿ. ಸೆಕೆಂಡಿಗೆ ಇಷ್ಟು ಚಿತ್ರ ಅಂತ ಓಡೋ ಫ್ರೇಮ್ ಮಾತ್ರ ಮುಟ್ಬೇಡ. ಮುಟ್ಟಿದ್ರೆ ಮನುಷ್ಯ ನಡ್ಯಲ್ಲ, ಎಗರ್ತಾನೆ. ಪೂರ್ತಿ ನೋಡು, ಆಮೇಲೆ ಅಳ್ಸು."

ಇಷ್ಟು ಬಿಡಿಸಿ ಹೇಳಿದ್ದರು. ಡೀವೀಡಿಗಳು ಪಕ್ಕದ ಬೀರುವಿನಲ್ಲೇ ಇದ್ದವು. ನನಗೆ ಎಲ್ಲ ಒಂದೇ ಸೀಡಿಯಲ್ಲಿ ಹಿಡಿಸಬೇಕೆಂಬ ಹುಚ್ಚು. ಮಗು ಒಂದು ಸೀಡಿ ಹಾಕಿದರೆ ಅಮ್ಮ ಪೂರ್ತಿ ಬರಬೇಕು ಅಂತ. ಚಿತ್ರ ಚಿಕ್ಕದು ಮಾಡಿ ನೋಡಿದೆ, ಅಕ್ಕನ ಮುಖ ಹಿಟ್ಟು ಕಲಸಿದ ಹಾಗೆ ಕಂಡಿತು. ಮನಸ್ಸು ಒಪ್ಪಲಿಲ್ಲ. ಫೋಟೋದವನ ಕಣ್ಣು ನನ್ನದು, ಮುಖವೇ ಮುಖ್ಯ ಅಂದುಕೊಂಡೆ. ಚಿತ್ರ ದೊಡ್ಡದಾಗಿಯೇ ಇಟ್ಟು, ಸೆಕೆಂಡಿಗೆ ಮೂವತ್ತು ಇದ್ದ ಫ್ರೇಮನ್ನು ಐದಕ್ಕೆ ಇಳಿಸಿದೆ. ಸೀಡಿಯಲ್ಲಿ ಸರಿಯಾಗಿ ಹಿಡಿಯಿತು. ಹಾಕಿ ನೋಡಿದೆ, ಮೊದಲ ಎರಡು ನಿಮಿಷ. ಅದರಲ್ಲಿ ಅಕ್ಕ ಕುರ್ಚಿಯಲ್ಲಿ ಕೂತು, ಕೈಯನ್ನು ಮಡಿಲಲ್ಲಿಟ್ಟುಕೊಂಡು, ನನ್ನನ್ನು ನೋಡಿ ಮುಗುಳ್ನಗುತ್ತಾಳೆ. ಕನ್ನಡಿಯಂತೆ ಬಂದಿತ್ತು. ಉಳಿದದ್ದನ್ನು ನಾನೇ ತೆಗೆದವನು, ನೋಡುವುದೇನು ಅಂದುಕೊಂಡೆ. ಕಂಪ್ಯೂಟರಿನಲ್ಲಿದ್ದದ್ದನ್ನೂ ಕಾರ್ಡಿನಲ್ಲಿದ್ದದ್ದನ್ನೂ ಅಳಿಸಿ ಪರಿಗಿಯ ಮದುವೆಗೆ ಹೊರಟೆ.

ಅಕ್ಕ ಆ ಸೀಡಿಯನ್ನು ನೋಡಲಿಲ್ಲ. ಅನಂತಪುರದ ಆಸ್ಪತ್ರೆಯಲ್ಲೇ ಹೋದಳು.

ಕಾರ್ಯವೆಲ್ಲ ಮುಗಿದು ಒಂದು ತಿಂಗಳಾದ ಮೇಲೆ ಬಾವ ಹೊಸ ಪ್ಲೇಯರ್ ತಂದ. ಪಾವನಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಸೀಡಿ ಹಾಕಿದೆವು. ಅಕ್ಕನ ನಗು ಬಂತು. "ಅಬ್ಬಾ, ಹೆಂಗ್ ಕಾಣ್ತಾಳೆ ನೋಡಪ್ಪ" ಅಂತ ಬಾವ ಕಣ್ಣೊರೆಸಿಕೊಂಡ. ಆಮೇಲೆ ಅವಳು ಕೈ ಎತ್ತಿದಳು. ಕೈ ಎದೆಯ ಹತ್ತಿರ ಇತ್ತು, ಆಮೇಲೆ ಕಿವಿಯ ಹತ್ತಿರ ಇತ್ತು. ನಡುವೆ ಎಲ್ಲಿ ಹೋಗಿ ಬಂತೋ, ಅದು ಇಲ್ಲ. ಬೆರಳು ಮಡಚಿತ್ತು, ಬಿಡಿಸಿತ್ತು. ಮಡಚಿದ್ದು ಬಿಡಿಸಿದ್ದು ಹೇಗೆ ಅನ್ನುವುದೇ ಇಲ್ಲ. ಆ ಹೇಗೆ ಅನ್ನುವುದರಲ್ಲೇ ಅವಳ ಮಾತು ಇದ್ದದ್ದು.

"ಸೀಡಿ ಎಗರಾಡ್ತೈತೆ" ಅಂದ ಬಾವ. ತೆಗೆದು ಪಂಚೆಯ ತುದಿಯಲ್ಲಿ ಒರೆಸಿ ಒರೆಸಿ ಹಾಕಿದ. ಮತ್ತೆ ಹಾಗೇ.

"ಗೀರು ಬಿದ್ದಿರ್ಬೇಕು ಬಾವ" ಅಂದೆ ನಾನು.

ಅದು ಮೊದಲನೇ ಸುಳ್ಳು.

ಹಿಂದೂಪುರಕ್ಕೆ ಓಡಿ ಬಂದು ಕಂಪ್ಯೂಟರ್ ರಿಪೇರಿಯವನಿಗೆ ತೋರಿಸಿದೆ. ಅಳಿಸಿದ ಜಾಗದ ಮೇಲೆಲ್ಲ ಮದುವೆಗಳು ತುಂಬಿಕೊಂಡಿದ್ದವು. ಸೀಡಿಯಲ್ಲಿ ಇರುವುದನ್ನೇ ಏನಾದರೂ ಮಾಡಿ ನುಣ್ಣಗೆ ಓಡಿಸಲು ಆಗುತ್ತದಾ ಅಂದೆ. "ಆರರಲ್ಲಿ ಐದು ತೆಗ್ದು ಬಿಸಾಕಿದ್ದೀಯಾ. ಬಿಸಾಕಿದ್ದನ್ನ ನಾನು ಎಲ್ಲಿಂದ ತರ್ಲಿ ಕಣಪ್ಪ?" ಅಂದ.

ಮತ್ತೆ ಕಲ್ಯಾಣದುರ್ಗಕ್ಕೆ ಹೋಗಿ ಪಾವನಿಯ ಪಕ್ಕದಲ್ಲಿ ಕೂತೆ, ಅಕ್ಕ ಹೇಳಿದ್ದ ಹಾಗೆ. ಮೂರು ಗಂಟೆಯ ಮಾತಿನಲ್ಲಿ ನನಗೆ ಖಂಡಿತ ತಿಳಿದದ್ದು ಅಲ್ಲೊಂದು ಇಲ್ಲೊಂದು. ಉಂಡು ಹೋಗು. ಅಪ್ಪನನ್ನು ಬಿಡಬೇಡ. ತಲೆಗೆ ಎಣ್ಣೆ. ಒಂದು ಕಡೆ ಎರಡು ತೋರುಬೆರಳು ಸೇರಿಸುತ್ತಾಳೆ. ಮುಂದಿನ ಚಿತ್ರದಲ್ಲಿ ಬೆರಳು ಬೇರೆಯಾಗಿವೆ. ನಡುವೆ ಮತ್ತೆ ತಾಗಿದವೋ ಇಲ್ಲವೋ? ನಿಲ್ಲಿಸಿ, ಹಿಂದೆ ಓಡಿಸಿ, ನೂರು ಸಲ ನೋಡಿದ್ದೇನೆ. ಹೋಗಿ ಬತ್ತೀನಿ ಅಂತ ಮಗುವನ್ನು ಸಮಾಧಾನ ಮಾಡುತ್ತಿದ್ದಳೋ, ನಾನು ಸಾಯುತ್ತೇನೆ ಅಂತ ನಿಜ ಹೇಳುತ್ತಿದ್ದಳೋ ತಿಳಿಯುವುದಿಲ್ಲ.

"ಇಲ್ಲಿ ಅಮ್ಮ ಏನಂತಾಳೆ ಮಾಮ?"

"ಬತ್ತೀನಿ ಅಂತಾಳೆ ಕಣಮ್ಮ."

"ಯಾವಾಗ?"

ಅದಕ್ಕೂ ಒಂದು ಕಟ್ಟಿ ಹೇಳಿದೆ. ಆಮೇಲೆ ಎಲ್ಲವನ್ನೂ ಕಟ್ಟಿ ಹೇಳತೊಡಗಿದೆ. ಅಕ್ಕ ಹೇಳಿರಬಹುದಾದ್ದು, ಹೇಳಿದ್ದರೆ ಚೆನ್ನಾಗಿರುತ್ತಿತ್ತು ಅನ್ನಿಸಿದ್ದು. ಮಗು ಪ್ರತಿ ಸಲವೂ ಕೇಳುತ್ತಿತ್ತು, ನನ್ನ ಸುಳ್ಳು ನನಗೇ ನೆನಪಿರುತ್ತಿರಲಿಲ್ಲ. "ಆವತ್ತು ಬೇರೆ ಹೇಳ್ದೆ" ಅಂತ ಹಿಡಿದುಹಾಕುತ್ತಿದ್ದಳು. ಒಂದು ದಿನ ಕೇಳುವುದನ್ನೇ ಬಿಟ್ಟಳು. ತಾನೊಬ್ಬಳೇ ಸೀಡಿ ಹಾಕಿಕೊಂಡು, ಟೀವಿಯ ಮುಂದೆ ನಿಂತು, ಅಮ್ಮನ ಹಾಗೆ ಕೈಯಾಡಿಸುತ್ತಿದ್ದಳು. "ಸ್ಕೂಲಿಂದ ಬಂದ್ರೆ ಇದೇ ಆಟ, ಅವ್ರಮ್ಮನ ಮಾತು ಪೂರ್ತಿ ಕಲ್ತ್‌ಬುಟ್ಳು" ಅಂತ ಬಾವ ಹೆಮ್ಮೆಯಿಂದ ಹೇಳಿದ. ಅವನ ಬಾಯಿಗೆ ಮಾತು ತಿರುಗಿ ಬಂದಿತ್ತು. ಅದನ್ನು ಕೆಡಿಸುವ ಧೈರ್ಯ ನನಗೆ ಇವತ್ತಿನವರೆಗೂ ಬಂದಿಲ್ಲ.

ಈಗ ಅವಳಿಗೆ ಏಳು ವರ್ಷ. ಹೋದ ತಿಂಗಳು ನನ್ನನ್ನು ಬಸ್ಸು ಹತ್ತಿಸಲು ಅವರಪ್ಪನ ಜೀಪಿನಲ್ಲಿ ಬಂದಿದ್ದಳು. ಬಸ್ಸಿನ ಇಂಜಿನ್ನು ಗುಡುಗುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಕಿಟಕಿಯ ಕೆಳಗೆ ನಿಂತು ಕೈಯಲ್ಲಿ "ಜೋಪಾನ" ಅಂದಳು. ಅಕ್ಕ ಅದನ್ನು ಹೇಳುತ್ತಿದ್ದದ್ದು ಹಣೆಯಿಂದ ಗಲ್ಲದವರೆಗೆ ಅಂಗೈಯನ್ನು ಒಂದೇ ಸಮ ಇಳಿಸಿ, ಮಗುವಿನ ಮುಖ ಸವರಿದ ಹಾಗೆ. ಪಾವನಿ ಹಣೆ ಮುಟ್ಟಿ ನಿಲ್ಲಿಸಿದಳು. ಕೆನ್ನೆ ಮುಟ್ಟಿ ನಿಲ್ಲಿಸಿದಳು. ಗಲ್ಲ ಮುಟ್ಟಿ ನಿಲ್ಲಿಸಿದಳು.

ತಡೆಯಲಾಗದೆ ಕೆಳಗಿಳಿದು, ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, ಅಕ್ಕನ ಹಾಗೆ ನಿಧಾನಕ್ಕೆ ಸವರಿ ತೋರಿಸಿದೆ. "ಹಿಂಗೆ ಕಣಮ್ಮ."

"ಹಂಗಲ್ಲ ಮಾಮ" ಅಂದಳು. "ಅಮ್ಮ ಹಂಗೆ ಮಾಡಲ್ಲ. ನಿಂಗೆ ಮರ್ತೋಗೈತೆ."

ನನ್ನ ಕೈ ಹಿಡಿದುಕೊಂಡು ಹಣೆಗೆ ಇಟ್ಟಳು, ಕೆನ್ನೆಗೆ ಇಟ್ಟಳು, ಗಲ್ಲಕ್ಕೆ ಇಟ್ಟಳು. ಕಂಡಕ್ಟರ್ ಸೀಟಿ ಊದಿದ. ಅವಳು ತೋರಿಸಿದ ಹಾಗೇ ನಾನು ಇನ್ನೊಂದು ಸಲ ಮಾಡಿದೆ.

"ಹಾ, ಈಗ ಸರಿ" ಅಂದಳು.