ಇಬ್ಬರಿಗೇ ಗೊತ್ತಿದ್ದ ಪಾಸ್‌ವರ್ಡ್

ಉಸ್ತಾದರ ಬಲಗೈ ಹೆಬ್ಬೆರಳಿಗೆ ಉಗುರು ಇರಲಿಲ್ಲ. ಎಂದೋ ಜೀಪಿನ ಬಾನೆಟ್ ಬಿದ್ದು ಹೋಗಿತ್ತಂತೆ. ಉಗುರಿದ್ದ ಜಾಗದಲ್ಲಿ ಮೆತ್ತನೆಯ ನಸುಗೆಂಪು ಚರ್ಮ ಬೆಳೆದಿತ್ತು. ಆ ಬೆರಳಿನಿಂದಲೇ ಅವರು ವೈರ್‌ಲೆಸ್ ಸೆಟ್ಟಿನ ಮೈಕಿನ ಗುಂಡಿ ಒತ್ತುತ್ತಿದ್ದರು. ಒತ್ತಿ, ಒಂದು ಉಸಿರು ತಡೆದು, ಆಮೇಲೆ ಮಾತಾಡುತ್ತಿದ್ದರು. "ಒತ್ತಿದ ಕೂಡ್ಲೇ ಬಾಯಿ ಬಿಟ್ರ ಮೊದಲನೇ ಮಾತು ಗಾಳಿಪಾಲು ಬೇ" ಎನ್ನುವುದು ನನಗೆ ಅವರು ಕಲಿಸಿದ ಮೊದಲ ಪಾಠ.

ನಮ್ಮ ಕಡೆ ಕೈಕೆಲಸ ಬಲ್ಲವರೆಲ್ಲರೂ ಉಸ್ತಾದರೇ. ಇವರು ಹಣೆ ತುಂಬ ವಿಭೂತಿ ಹಚ್ಚಿ, ಪೂಜೆ ಮುಗಿಸಿಯೇ ಸಿಂಧನೂರಿನ ಬಸ್ ನಿಲ್ದಾಣದ ಹಿಂದಿದ್ದ ಅಂಗಡಿಯ ಬಾಗಿಲು ತೆಗೆಯುತ್ತಿದ್ದರು. ಅಕ್ಕಿ ಗಿರಣಿಯವರು, ಭತ್ತ ಕೊಯ್ಯುವ ಯಂತ್ರದವರು, ಕಾಲುವೆ ಕಚೇರಿಯ ಗಸ್ತು ಜೀಪಿನವರು, ಎಲ್ಲರ ಸೆಟ್ಟುಗಳೂ ಅವರ ಮೇಜಿಗೇ ಬರುತ್ತಿದ್ದವು. ಮೊಬೈಲ್ ಇರುವಾಗ ಇದೇಕೆ ಎಂದು ಕೇಳುವವರಿದ್ದಾರೆ. ಕಾಲುವೆ ದಂಡೆಯ ಮೇಲೆ ಮೊಬೈಲಿನ ಸಿಗ್ನಲ್ ನಂಬುವಂತಿಲ್ಲ. ಸೆಟ್ಟಿನಲ್ಲಾದರೆ ಒಬ್ಬ ಹೇಳಿದ್ದು ಎಲ್ಲರಿಗೂ ಒಮ್ಮೆಗೇ ಕೇಳುತ್ತದೆ.

ಲಿಂಗಸುಗೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿದ್ದಾಗ, ಹೆಣ್ಣುಮಗಳು ಜೀಪಿನ ಕೆಳಗೆ ಹೇಗೆ ಮಲಗುತ್ತೀ ಎಂದು ಎಲ್ಲರೂ ಸಾಗಹಾಕಿದ್ದರು. ಉಸ್ತಾದರು ಕೇಳಿದ್ದು ಒಂದೇ ಪ್ರಶ್ನೆ.

"ನಿನಗ ಎಂದರ ಕರೆಂಟ್ ಹೊಡದೈತೇನು?"

"ಹೊಡದೈತ್ರಿ."

"ಹಂಗಾರ ಬಾ. ಹೊಡಿಸಿಕೊಳ್ಳದವರು ಭಾಳ ಧೈರ್ಯ ಮಾಡ್ತಾರ."

ಕೆಲಸದಲ್ಲಿ ನನಗೆ ತಲೆನೋವಾಗಿದ್ದು ಎರರ್‌ಗಳು. ಸೆಟ್ಟಿಗೆ ಚಾನೆಲ್, ಅಂದರೆ ಅದು ಮಾತು ಹಿಡಿಯುವ ತರಂಗದ ನಂಬರ್, ತುಂಬಬೇಕೆಂದರೆ ಅದನ್ನು ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿ, ಮೊದಲು ಸೆಟ್ಟಿನೊಳಗೆ ಇರುವುದನ್ನು ಓದಿಕೊಂಡು, ಆಮೇಲೆ ಹೊಸದನ್ನು ಬರೆಯಬೇಕು. ನಡುವೆ ಎಲ್ಲಿಯಾದರೂ ಎಡವಿದರೆ ಪರದೆಯ ಮೇಲೆ ಒಂದು ನಂಬರ್ ಬಂದು ನಿಲ್ಲುತ್ತದೆ. ಅದನ್ನು ನೋಡಿದರೆ ನಾನು ಕೇಬಲ್ಲನ್ನೇ ಕಿತ್ತುಬಿಡುತ್ತಿದ್ದೆ. ಉಸ್ತಾದರು ನಗುತ್ತಿದ್ದರು. "ಎರರ್ ಅಂದ್ರ ಬೈಗಳಲ್ಲ ಬೇ. ಕೂಸು ಅಳಾಕತ್ತೈತಿ ಅಂತ ತಿಳಿ. ಹಾಲಿಗಿ ಅಳ್ತೈತೋ, ಇರುವಿ ಕಡದೈತೋ ನೋಡು. ಅಳಬ್ಯಾಡ ಅಂತ ಕೂಸಿಗೇ ಬೈದ್ರ ಏನು ಬಂತು?"

ಒಮ್ಮೆ ಅಕ್ಕಿ ಗಿರಣಿಯ ಲಾರಿಯೊಂದರಲ್ಲಿ ಸೆಟ್ಟು ಸಿಗುತ್ತಿಲ್ಲ ಎಂಬ ಎರರ್ ಮೇಲಿಂದ ಮೇಲೆ ಬಂತು. ಕೇಬಲ್ ಬದಲಿಸಿದೆ, ಬ್ಯಾಟರಿಯ ವೋಲ್ಟೇಜ್ ಅಳೆದೆ, ಮಾಡೆಲ್ ಸರಿಯಿದೆಯೇ ನೋಡಿದೆ. ಉಸ್ತಾದರು ಪಕ್ಕದಲ್ಲೇ ಕೂತು ಮಂಡಕ್ಕಿಯ ಒಗ್ಗರಣಿ, ಮಿರ್ಚಿ ತಿನ್ನುತ್ತಿದ್ದರು. ನನಗೆ ಅಳು ಬರುವ ಹೊತ್ತಿಗೆ ಎಣ್ಣೆ ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಲ್ಯಾಪ್‌ಟಾಪಿನಲ್ಲಿ ನಾನು ಮೊದಲು ತೆರೆದು ಮರೆತಿದ್ದ ಅದೇ ಪ್ರೋಗ್ರಾಮಿನ ಇನ್ನೊಂದು ಕಿಟಕಿಯನ್ನು ಮುಚ್ಚಿದರು. ಅದು ಕೇಬಲ್ ಸೇರುವ ಪೋರ್ಟನ್ನು ಹಿಡಿದುಕೊಂಡು ಕೂತಿತ್ತು. "ಕುರ್ಚಿ ಮ್ಯಾಲ ಒಬ್ಬ ಕುಂತಿದ್ರ ಬಂದವನು ಎಲ್ಲಿ ಕುಂದ್ರಬೇಕು?" ಎಂದು ಉಳಿದ ಮಿರ್ಚಿಯನ್ನು ನನ್ನ ಕಡೆ ಸರಿಸಿದರು.

ಗಸ್ತು ಜೀಪುಗಳ ಸೆಟ್ಟಿಗೆ ಅವರು ಪಾಸ್‌ವರ್ಡ್ ಹಾಕಿದ್ದರು. ಅದಿಲ್ಲದೆ ಒಳಗಿನದನ್ನು ಯಾರೂ ಓದಲಾಗದು. ಗುರುಗುಂಟಾದ ತವರಿನಿಂದ ಅವರ ತಾಯಿ ತಂದಿದ್ದ ಹಸುವಿನ ಹೆಸರು ಅದು, ಚೌರಿ. "ಇದು ನಿನಗ ನನಗ ಇಬ್ಬರಿಗೇ ಗೊತ್ತು" ಎಂದಿದ್ದರು. ಆ ದಿನ ಊರಿಗೆ ಹೋಗುವಾಗ ಬಸ್ಸಿನಲ್ಲಿ ನನಗೆ ನಾನೇ ದೊಡ್ಡವಳಾದಂತೆ ಅನ್ನಿಸಿತ್ತು.

ನಮ್ಮೂರು ವಳಕಮದಿನ್ನಿ. ನಮ್ಮ ಗದ್ದೆ ಇರುವುದು ಉಪಕಾಲುವೆಯ ತುದಿಯಲ್ಲಿ. ಮೇಲ್ಭಾಗದವರು ಕಾಲುವೆಗೆ ಪಂಪು ಇಟ್ಟು ನೀರೆತ್ತಿದರೆ ನಮಗೆ ಬರುವುದು ಕೆಸರು. ಅದನ್ನು ತಡೆಯಲೆಂದೇ ಗಸ್ತು ಜೀಪುಗಳು ಇದ್ದದ್ದು. ಆ ಬಾರಿ ನೀರು ಬಿಟ್ಟಾಗ ಜೀಪು ಎಲ್ಲಿಗೆ ಹೋದರೂ ಪಂಪು ಸಿಗಲಿಲ್ಲ. ದಂಡೆಯ ಮೇಲೆ ಹಸಿ ಗಾಲಿ ಗುರುತು, ಇನ್ನೂ ನೀರು ತೊಟ್ಟಿಕ್ಕುವ ಪೈಪು ಮಾತ್ರ ಇರುತ್ತಿದ್ದವು. ಜೀಪಿನ ಮಾತನ್ನು ಯಾರೋ ಕದ್ದು ಕೇಳುತ್ತಿದ್ದಾರೆ ಎಂದು ಕಚೇರಿಯವರಿಗೆ ಗುಮಾನಿ ಬಂತು. ನಾನೂ ಉಸ್ತಾದರೂ ಸೇರಿ ಚಾನೆಲ್ ಬದಲಿಸಿಕೊಟ್ಟೆವು. ಆದರೂ ಪಂಪುಗಳು ಜೀಪಿಗಿಂತ ಮೊದಲೇ ಮಾಯವಾಗುತ್ತಿದ್ದವು.

ಕಾಲುವೆ ಕಚೇರಿಯ ಎಂಜಿನಿಯರ್ ಸಾಹೇಬರು ನಮ್ಮಿಬ್ಬರನ್ನೂ ಕರೆಸಿದರು. "ಹೊಸ ಚಾನೆಲ್ ನಿಮ್ಮಿಬ್ಬರಿಗೆ ಬಿಟ್ರ ಹೊರಗ ಯಾರಿಗೂ ಗೊತ್ತಿಲ್ಲ. ಹೇಳ್ರಿ ಮತ್ತ."

ಉಸ್ತಾದರು ತಮ್ಮ ಕಾಲನ್ನೇ ನೋಡುತ್ತ ನಿಂತರು. ಆಮೇಲೆ ಮೆಲ್ಲಗೆ ಹೇಳಿದರು: "ನಾ ಹೊರಗ ಹೇಳಾವಲ್ರಿ ಸಾಹೇಬ್ರ. ಈಕಿ ಇನ್ನೂ ಸಣ್ಣಾಕಿ. ಬಾಯಿ ತಪ್ಪಿ ಎಲ್ಲೆರ ಅಂದಿರಬೇಕು. ಬೇಕಂತ ಮಾಡ್ಯಾಳ ಅಂತ ನಾ ಅನ್ನಂಗಿಲ್ಲ. ಕೇಸ್ ಗೀಸ್ ಮಾಡಬ್ಯಾಡ್ರಿ, ನಾ ಬುದ್ಧಿ ಹೇಳ್ತೀನಿ."

ನಾನು ಅವರ ಮುಖ ನೋಡಿದೆ. ಅವರು ನೋಡಲಿಲ್ಲ. ಹೊರಗೆ ಬಂದ ಮೇಲೆ "ಸುಮ್ನಿರು ಬೇ, ಎಲ್ಲಾ ಸರಿ ಆಕೈತಿ" ಎಂದರು. ಪೊಲೀಸರ ಕೈಗೆ ಹೋಗದಂತೆ ನನ್ನನ್ನು ಉಳಿಸಿದ್ದಾರೆ ಎಂದೇ ನಾನು ನಂಬಿದೆ. ಅಂಥ ನಂಬಿಕೆ ಇತ್ತು ಅವರ ಮೇಲೆ. ಇನ್ನು ಮೇಲೆ ಕಾಲುವೆ ಕೆಲಸಕ್ಕೆ ನಾನು ಬರಕೂಡದು ಎಂದು ಕಚೇರಿಯವರು ಹೇಳಿದರು. ನಾನು ಅಂಗಡಿಗೆ ಹೋಗುವುದನ್ನೇ ಬಿಟ್ಟೆ. ಉಸ್ತಾದರು ತಡೆಯಲಿಲ್ಲ.

ಸುದ್ದಿ ನನಗಿಂತ ಮೊದಲೇ ಊರು ಮುಟ್ಟಿತ್ತು. ನಳದ ಹತ್ತಿರ ಕೊಡ ಇಳಿಸಿದರೆ ಒಬ್ಬಾಕೆ ಎಲ್ಲರಿಗೂ ಕೇಳುವ ಹಾಗೆ ಅಂದಳು: "ನೀರು ಮಾರಿದಾಕಿ ನೀರಿಗಿ ಬಂದಾಳ ನೋಡ್ರವ್ವಾ." ಆ ವರ್ಷ ತೆನೆ ಕಾಳು ಕಟ್ಟುವ ಹೊತ್ತಿಗೆ ನೀರಿಲ್ಲದೆ ಕಾಲುವೆ ತುದಿಯ ಗದ್ದೆಗಳೆಲ್ಲ ಜೊಳ್ಳಾದವು. ನಮ್ಮದೂ ಆಯಿತು. "ನನ್ನ ಗದ್ದಿ ಬಿರುಕು ನೋಡಿ ಮಾತಾಡ್ರಿ. ನನ್ನ ಮಗಳು ನನ್ನ ನೀರು ಮಾರ್ತಾಳೇನು?" ಎಂದು ಅಪ್ಪ ಕಟ್ಟೆಯ ಮೇಲೆ ಕೂತವರನ್ನು ಕೇಳಿದ. ಅವರು ಭತ್ತದ ದರದ ಮಾತಿಗೆ ಹೊರಳಿದರು. ಅದೇ ಅಪ್ಪನಿಗೆ ಹೆಚ್ಚು ನೋವಾಯಿತು.

ನಾನು ಮಸ್ಕಿಗೆ ಹೋಗಿ ಒಂದು ಸಣ್ಣ ರಿಪೇರಿ ಅಂಗಡಿ ಹಾಕಿದೆ. ಮುಂದಿನ ಬಾರಿ ಕಾಲುವೆಗೆ ನೀರು ಬಿಡುವ ಮುನ್ನ ಒಬ್ಬ ಡ್ರೈವರ್ ತನ್ನ ಮಾಲೀಕರ ಜೀಪಿನಿಂದ ಬಿಚ್ಚಿದ ಸೆಟ್ಟು ತಂದ. ಸಂತೆಕಲ್ಲೂರಿನವನು. ಕಾಲುವೆ ಮೇಲ್ಭಾಗದ ದೊಡ್ಡ ಜಮೀನುದಾರರೊಬ್ಬರ ಬಳಿ ಕೆಲಸಕ್ಕಿದ್ದ. ನಾನು ಯಾರೆಂದು ಅವನಿಗೆ ಗೊತ್ತಿರಲಿಲ್ಲ.

"ದನಿ ಬರವಲ್ದಕ್ಕಾ. ಹಾಕಿಕೊಟ್ಟವರಿಗೆ ಹುಷಾರಿಲ್ಲಂತ, ಅಂಗಡಿ ಮುಚ್ಚೈತಿ. ಮಾಲಕರು ಜಲ್ದಿ ಬೇಕಂತಾರ."

ಕೇಬಲ್ ಜೋಡಿಸಿದೆ. ಮೊದಲು ಪೋರ್ಟಿನ ಎರರ್ ಬಂತು, ಸರಿಪಡಿಸಿದೆ. ಆಮೇಲೆ ಪಾಸ್‌ವರ್ಡ್ ಕೇಳಿತು. ಡ್ರೈವರ್‌ಗೆ ಗೊತ್ತಿರಲಿಲ್ಲ. ಏಕೆ ಹಾಗೆ ಮಾಡಿದೆನೋ, ನನ್ನ ಬೆರಳುಗಳು ಚೌರಿ ಎಂದು ಟೈಪ್ ಮಾಡಿದವು. ಸೆಟ್ಟು ತೆರೆದುಕೊಂಡಿತು. ಒಳಗಿದ್ದದ್ದು ಗಸ್ತು ಜೀಪಿನ ಚಾನೆಲ್‌ಗಳು, ಹಳೆಯದು, ಬದಲಿಸಿದ್ದು, ಎರಡೂ. ಕೇಳಲು ಮಾತ್ರ ಬರುವಂತೆ, ತಪ್ಪಿ ಗುಂಡಿ ಒತ್ತಿದರೂ ದನಿ ಹೊರಗೆ ಹೋಗದಂತೆ ಬಂದೋಬಸ್ತು ಮಾಡಿತ್ತು. ಅಷ್ಟು ಚೊಕ್ಕ ಕೆಲಸ ಮಾಡುವವರು ನಮ್ಮ ಮೂರು ತಾಲೂಕಿನಲ್ಲಿ ಒಬ್ಬರೇ.

"ಯಾರು ಹಾಕಿಕೊಟ್ಟವರು?" ಎಂದು ಕೇಳಿದೆ, ಗೊತ್ತಿದ್ದರೂ.

"ಸಿಂಧನೂರು ಉಸ್ತಾದರು."

ಸಾಮಾನು ತರಿಸಬೇಕು ಎಂದು ಸೆಟ್ಟು ಇರಿಸಿಕೊಂಡು ಅದನ್ನು ಎಂಜಿನಿಯರ್ ಸಾಹೇಬರ ಮುಂದಿಟ್ಟೆ. ಅವರೆದುರೇ ತೆರೆದು ತೋರಿಸಿದೆ. ಅವರು ನೋಡಿ ಹೇಳಿದರು: "ಪಾಸ್‌ವರ್ಡ್ ನಿಂಗೂ ಗೊತ್ತೈತಲ್ಲವ್ವಾ. ಇದನ್ನ ನೀನ ಮಾಡಿಲ್ಲಂತ ಹ್ಯಾಂಗ ನಂಬಲಿ?"

ಬಂದು ಸಾಕ್ಷಿ ಹೇಳು ಎಂದರೆ, ಡ್ರೈವರ್ ಕಚೇರಿ ಎಂಬ ಹೆಸರು ಕೇಳಿದ್ದೇ ಫೋನ್ ಎತ್ತುವುದನ್ನು ಬಿಟ್ಟ. ಕಚೇರಿಯವರು ಜೀಪಿನ ಸೆಟ್ಟುಗಳನ್ನು ಬೇರೆ ಊರಿನವರಿಂದ ಮಾಡಿಸಿಕೊಂಡರು. ಆ ಬೆಳೆಗೆ ನೀರು ತುದಿಯವರೆಗೂ ಬಂತು. ನನ್ನ ಹೆಸರು ಮಾತ್ರ ತೊಳೆಯಲಿಲ್ಲ. ತೊಳೆಯಬಲ್ಲವರು ಒಬ್ಬರೇ ಇದ್ದರು.

ಉಸ್ತಾದರ ಮನೆಗೆ ಹೋದೆ. ಇಳಿದುಹೋಗಿದ್ದರು. ನನ್ನನ್ನು ನೋಡಿದ ಕೂಡಲೇ ಅರ್ಥವಾಗಿರಬೇಕು, ಕುಳಿತುಕೋ ಎನ್ನಲಿಲ್ಲ.

"ಅಂಗಡಿ ಜಾಗ ಆ ಜಮೀನುದಾರರದು ಬೇ. ಒಂದು ಸೆಟ್ ಹಾಕಿಕೊಡು ಅಂದ್ರು. ಒಲ್ಲೆ ಅನ್ನಾಕ ಆಗಲಿಲ್ಲ."

"ಅದನ್ನ ಕೇಳಾಕ ಬಂದಿಲ್ರಿ. ನನ್ನ ಹೆಸರು ಯಾಕ ತಗೊಂಡ್ರಿ?"

"ನೀ ಸಣ್ಣಾಕಿ. ಕೈಯಾಗ ಕೆಲಸ ಐತಿ, ಎಲ್ಲಿ ಹೋದ್ರೂ ಬದುಕ್ತಿ. ನಾ ಎಲ್ಲಿಗಿ ಹೋಗ್ಲಿ?"

ಆ ಕೆಲಸವನ್ನು ಕಲಿಸಿದವರೂ ಅವರೇ. ಅದನ್ನೇ ನೆಪ ಮಾಡಿಕೊಂಡು ನನ್ನನ್ನು ಮುಂದೆ ತಳ್ಳಿದ್ದರು. ಬೈಯಬೇಕೆಂದು ಹೋದವಳು ಬೇಡಿಕೊಂಡೆ. "ನಮ್ಮೂರಿಗಿ ಬಂದು ಕಟ್ಟಿ ಮ್ಯಾಲ ಒಂದು ಮಾತು ಹೇಳ್ರಿ. ಕಚೇರಿ ಬ್ಯಾಡ, ಪೊಲೀಸ್ ಬ್ಯಾಡ. ನಮ್ಮಪ್ಪ ತಲಿ ಎತ್ತಿ ತಿರಗಾಡಂಗ ಆದ್ರ ಸಾಕು" ಎಂದೆ. ಅವರು ಕಣ್ಣೊರೆಸಿಕೊಂಡು, "ನಾಳಿ ಮುಂಜಾನಿ ಬರ್ತೀನವ್ವಾ. ಖರೇ ಬರ್ತೀನಿ" ಎಂದರು.

ಮರುದಿನ ಅಪ್ಪ ಹಿರಿಯರನ್ನೆಲ್ಲ ಕರೆದು ಕೂರಿಸಿದ್ದ. ಅವ್ವ ಚಹಾ ಮಾಡಿಟ್ಟಿದ್ದಳು. ಬಿಸಿಲು ಏರಿತು. ಒಬ್ಬೊಬ್ಬರೇ ಧೋತರ ಝಾಡಿಸಿಕೊಂಡು ಎದ್ದರು. ಕಡೆಗೆ ಎದ್ದವನು ಅಪ್ಪ. ಗದ್ದೆಯ ಕಡೆ ಹೋದ. ಉಸ್ತಾದರು ಬರಲಿಲ್ಲ. ಆಮೇಲೂ ಬರಲಿಲ್ಲ.

ಬೇಸಿಗೆಯಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಹೋಗಬಾರದು ಎಂದುಕೊಂಡೇ ಮಸ್ಕಿಯಿಂದ ಬಸ್ಸು ಹತ್ತಿದೆ. ಅವರ ಹೆಂಡತಿಯನ್ನು ನಾನು ಚಿಗವ್ವಾ ಎನ್ನುತ್ತಿದ್ದೆ. ಆಕೆ ನನ್ನ ಕೈ ಹಿಡಿದುಕೊಂಡು ಅತ್ತಳು. "ಆ ದಿನ ಒಗೆದ ಅಂಗಿ ಹಾಕ್ಕೊಂಡು ನಿಮ್ಮೂರಿಗಂತ ಹೊಂಟಿದ್ರವ್ವಾ. ಬಸ್ ಸ್ಟ್ಯಾಂಡ್‌ದಾಗ ಕುಂತಿದ್ರಂತ. ಬಸ್ ಬಂದಾಗೊಮ್ಮೆ ಎದ್ದು ನಿಲ್ಲಾದು, ಮತ್ತ ಕುಂದ್ರಾದು. ನೋಡಿದವರು ಹೇಳಿದ್ರು. ಮಧ್ಯಾಹ್ನ ಬಂದು ಬಸ್ಸು ತಪ್ಪಿತು ಅಂದ್ರು. ಮನಸ್ಸಿನ್ಯಾಗ ಇಟ್ಟುಕೋಬ್ಯಾಡವ್ವಾ."

"ಮರುದಿನಾನೂ ಬಸ್ಸಿದ್ದವಲ್ಲ ಚಿಗವ್ವಾ" ಎಂದೆ. ಅಷ್ಟು ಗಟ್ಟಿಯಾಗಿ ಹೇಳಬೇಕೆಂದಿರಲಿಲ್ಲ. ಸುತ್ತ ಇದ್ದವರೆಲ್ಲ ತಿರುಗಿ ನೋಡಿದರು.

ಮಣ್ಣು ಹಾಕುವ ಹೊತ್ತಿಗೆ ಯಾರೋ "ಶಿಷ್ಯೆ ಬಂದಾಳ, ದಾರಿ ಬಿಡ್ರಿ" ಎಂದರು. ನಾನು ಇಂದು ಉಣ್ಣುವ ಅನ್ನ ಅವರು ಕಲಿಸಿದ ವಿದ್ಯೆಯದು. ಅದನ್ನು ಹಿಂದಿರುಗಿಸುವ ದಾರಿ ಇಲ್ಲ, ಹಿಂದಿರುಗಿಸುವ ಮನಸ್ಸೂ ಇಲ್ಲ. ಒಂದು ಹಿಡಿ ಮಣ್ಣು ಹಾಕಿದೆ. ಅದು ಕಲಿಸಿದವರಿಗೆ. ನನ್ನ ಹೆಸರು ಕೆಡಿಸಿದವರಿಗೆ ಇನ್ನೊಂದು ಹಿಡಿ ಹಾಕಬೇಕೋ ಬೇಡವೋ ತಿಳಿಯದೆ, ಹಿಂದೆ ನಿಂತವರು ಪಕ್ಕಕ್ಕೆ ಸರಿ ಎನ್ನುವವರೆಗೂ ಅಲ್ಲೇ ನಿಂತಿದ್ದೆ.