ಮೊದಲು ನೋಡಿದವಳು

ಈ ಮಳೆಗಾಲದ ಒಂದು ಬೆಳಿಗ್ಗೆ ಸೊಸೆ ತಲೆಗೆ ಹಚ್ಚಿಕೊಳ್ಳುವುದಕ್ಕೆಂದು ಹಿತ್ತಿಲಿನ ಲೋಳೆಸರದ ಒಂದು ಎಲೆ ಕೊಯ್ದು ಸಿಪ್ಪೆ ಸುಲಿಯುತ್ತ ಕೂತಿದ್ದಳು. ಆ ಕಹಿ ವಾಸನೆ ಅಡುಗೆಮನೆಯವರೆಗೂ ಬಂತು. ಒಗ್ಗರಣೆಗೆ ಇಟ್ಟ ಎಣ್ಣೆ ಹೊಗೆಯಾಡುತ್ತಿದ್ದರೂ ಸಾಸಿವೆ ಹಾಕುವುದನ್ನು ಮರೆತು ನಿಂತೆ. ಕಡೂರಿನ ಈ ಮನೆ ಕಣ್ಣಿಂದ ಮರೆಯಾಗಿ ಅಜ್ಜಂಪುರದ ಬೀದಿ ಎದುರಿಗೆ ಬಂತು, ಈರುಳ್ಳಿ ಗೋದಾಮು ಬಂತು, ಮೇಡಂ ಬಂದರು...

ಮದುವೆಯಾಗಿ ಅಜ್ಜಂಪುರಕ್ಕೆ ಬಂದಾಗ ನನಗೊಂದು ಚಾಳಿ ಇತ್ತು. ಚೆನ್ನಾಗಿರುವುದನ್ನು ಕಂಡರೆ ಬಾಯಿ ಮುಚ್ಚಿಕೊಂಡಿರಲು ಬರುತ್ತಿರಲಿಲ್ಲ. ರಂಗೋಲಿಯಾಗಲಿ, ಸೀರೆಯಾಗಲಿ, ಯಾರದೋ ಎಮ್ಮೆಯಾಗಲಿ, ‘ಎಷ್ಟು ಚೆನ್ನಾಗಿದೆ!’ ಅಂದುಬಿಡುತ್ತಿದ್ದೆ. ಒಂದು ದಿನ ಪಕ್ಕದ ಮನೆಯ ಕೂಸನ್ನು ಕಂಡು ಹಾಗೇ ಅಂದೆ. ಸಂಜೆಗೆ ಅದಕ್ಕೆ ವಾಂತಿಭೇದಿ ಹತ್ತಿಕೊಂಡಿತು, ತರೀಕೆರೆ ಆಸ್ಪತ್ರೆಗೆ ಹೊತ್ತುಕೊಂಡು ಓಡಿದರು. ಕೂಸು ಹುಷಾರಾಗಿ ಮನೆಗೆ ಬಂತು. ನನ್ನ ಕಣ್ಣು ಕೆಟ್ಟದ್ದು ಅನ್ನುವ ಮಾತು ಮಾತ್ರ ಬೀದಿಯಲ್ಲಿ ಉಳಿಯಿತು.

ಆ ಮನೆಯವರು ಬಾಗಿಲ ಮೇಲೆ ಒಂದು ಲೋಳೆಸರದ ಗಿಡವನ್ನು ಬೇರು ಮೇಲಾಗಿ ಕಟ್ಟಿದರು. ಹಾಗೆ ಕಟ್ಟಿದರೆ ದೃಷ್ಟಿ ತಾಗುವುದಿಲ್ಲ ಅಂತ ನಮ್ಮ ಕಡೆ ನಂಬಿಕೆ. ಮಣ್ಣಿಲ್ಲದೆ, ನೀರಿಲ್ಲದೆ ಗಿಡ ಹಸಿರಾಗಿದ್ದರೆ ಮನೆಗೆ ಒಳ್ಳೆಯದು. ಕೊಳೆತರೆ ಕೆಟ್ಟ ಕಣ್ಣು ಬಿದ್ದಿದೆ ಅಂತ ಲೆಕ್ಕ. ನೋಡನೋಡುತ್ತ ಬೀದಿಯ ಅಷ್ಟೂ ಬಾಗಿಲಿಗೆ ಲೋಳೆಸರ ಬಂತು. ನಾನು ಬರುವುದು ಕಂಡರೆ ಹೆಂಗಸರು ಮಕ್ಕಳ ಮುಖಕ್ಕೆ ಸೆರಗು ಮುಚ್ಚುತ್ತಿದ್ದರು. ನಾನು ನಕ್ಕುಕೊಂಡೇ ಹೋಗುತ್ತಿದ್ದೆ, ಆದರೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಷ್ಟಾಗುತ್ತಿತ್ತು. ಬರಬರುತ್ತ ಯಾವುದನ್ನೂ ಹೊಗಳದೆ, ನೆಲ ನೋಡಿಕೊಂಡು ನಡೆಯುವುದನ್ನು ಕಲಿತೆ.

ಹೀಗಿರುವಾಗ ಮೇಡಂ ಬಂದರು. ಎಲ್ಲಿಯೋ ಚಿತ್ರಕಲೆ ಕಲಿಸುತ್ತಿದ್ದವರಂತೆ. ನಮ್ಮ ಮನೆ ಎದುರಿಗೆ ಖಾಲಿ ಬಿದ್ದಿದ್ದ ಈರುಳ್ಳಿ ಗೋದಾಮನ್ನು ಬಾಡಿಗೆಗೆ ಹಿಡಿದು, ಅದರೊಳಗೆ ಇನ್‌ಸ್ಟಲೇಷನ್ ಮಾಡುತ್ತೇನೆ ಅಂದರು. ನಮ್ಮ ಬೀದಿಗೆ ಇನ್‌ಸ್ಟಲೇಷನ್ ಅಂದರೆ ಟಿವಿ ಡಿಶ್ ಕೂರಿಸುವುದು ಒಂದೇ ಗೊತ್ತಿದ್ದದ್ದು. ಮೇಡಂ ಬೇಸರವಿಲ್ಲದೆ ಬಿಡಿಸಿ ಹೇಳಿದರು: ಇದು ಗೋಡೆಗೆ ಹಾಕುವ ಚಿತ್ರವಲ್ಲ, ಈ ಜಾಗಕ್ಕೆಂದೇ ಮಾಡುವಂಥದ್ದು, ಒಳಗೆ ನಡೆದಾಡಿ ನೋಡಬೇಕು. ಬಾಗಿಲಿಗೆ ಏನು ಕಟ್ಟುತ್ತೀರಿ, ಯಾಕೆ ಕಟ್ಟುತ್ತೀರಿ ಅಂತ ಮನೆಮನೆಗೆ ಹೋಗಿ ಕೇಳಿದರು. ಎಲ್ಲರೂ ‘ದೃಷ್ಟಿಗೆ’ ಅಂದರು. ಯಾರ ದೃಷ್ಟಿ ಅಂದಾಗ ನಮ್ಮ ಮನೆ ಕಡೆ ನೋಡಿದರು.

ಕೊನೆಗೆ ಮೇಡಂ ನಮ್ಮ ಮನೆಗೂ ಬಂದರು. “ನಿಮ್ಮ ಬಾಗಿಲಿಗೆ ಯಾಕೆ ಏನೂ ಕಟ್ಟಿಲ್ಲ?”

“ಎಲ್ರೂ ಕಟ್ಕಂಡಿರೋದೇ ನನ್ನಿಂದ. ನಾನ್ ಯಾರಿಗೇಂತ ಕಟ್ಲಿ ಮೇಡಂ?” ಅಂದು ನಕ್ಕೆ. ಅವರು ನಗಲಿಲ್ಲ.

ಬೇಲಿ ಸಾಲಿಂದ, ಹೊಲದ ಬದುವಿಂದ ಮೂಟೆಗಟ್ಟಲೆ ಲೋಳೆಸರ ತಂದರು. ಒಂದೊಂದನ್ನೂ ಗೋದಾಮಿನ ತೊಲೆಗಳಿಗೆ ತಲೆಕೆಳಗಾಗಿ ನೇತುಹಾಕಿದರು. ಕೆಲಸ ಮುಗಿದ ದಿನ ನಮ್ಮ ಬಾಗಿಲಿಗೆ ಬಂದು ನನ್ನ ಕೈ ಹಿಡಿದುಕೊಂಡರು. “ಲೋಳೆಸರ ಕಟ್ಟೋದೇ ನಿಮಗೋಸ್ಕರ ಅಂತ ತಾನೇ ಬೀದಿಯವರು ಹೇಳೋದು? ಹಾಗಾದ್ರೆ ಮೊದಲು ನೀವೇ ನೋಡಬೇಕು.”

ಗಾಜಿನ ಹೆಂಚಿನಿಂದ ಬೆಳಕು ಬೀಳುತ್ತಿತ್ತು. ಗಿಡಗಳು ಹಣೆಗೆ ತಾಗುವಷ್ಟು ಕೆಳಗಿದ್ದವು, ತಲೆ ತಗ್ಗಿಸದೆ ಮುಂದೆ ಹೋಗುವಂತಿರಲಿಲ್ಲ. ಬೆಳಕಿನ ಆಸೆಗೆ ಎಲೆಗಳ ತುದಿಗಳೆಲ್ಲ ಮೇಲಕ್ಕೆ ಬಾಗಿದ್ದವು. ಇಷ್ಟು ವರ್ಷ ನನ್ನನ್ನು ಹೆದರಿಸಿದ್ದ ಗಿಡ ಇದೇನಾ ಅನ್ನಿಸಿತು. ತಡೆದುಕೊಳ್ಳುವಷ್ಟರಲ್ಲಿ ಬಾಯಿಂದ ಬಂದೇಬಿಟ್ಟಿತು: “ಎಷ್ಟು ಚೆನ್ನಾಗೈತೆ ಮೇಡಂ!” ಅವರ ಕಣ್ಣಲ್ಲಿ ನೀರು ಬಂತು. ಅಂದು ಸಂಜೆಯವರೆಗೆ ಅಲ್ಲೇ ಇದ್ದೆ. ಆ ಊರಿನಲ್ಲಿ ನಾನು ಅಷ್ಟು ಸಂತೋಷವಾಗಿದ್ದ ದಿನ ಇನ್ನೊಂದಿಲ್ಲ.

ಹದಿನೈದು ದಿನ ಬಿಟ್ಟು ಒಂದು ಭಾನುವಾರ ಮೇಡಂ ಬೀದಿಯವರನ್ನೆಲ್ಲ ಕರೆದು ಗೋದಾಮಿನ ಬಾಗಿಲು ತೆಗೆದರು. ಒಳಗಿಂದ ಗಪ್ಪನೆ ನಾತ ಹೊಡೆಯಿತು. ಅಷ್ಟೂ ಗಿಡ ಕೊಳೆತು, ಕಂದು ಬಣ್ಣದ ಲೋಳೆ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಪಕ್ಕದ ಮನೆಯಾಕೆ ಮೂಗಿಗೆ ಸೆರಗು ಹಿಡಿದು, “ಇದ್ನ ಮೊದ್ಲು ನೋಡಿದ್ದು ಯಾರು?” ಅಂದಳು. ಎಲ್ಲರೂ ನನ್ನ ಕಡೆ ತಿರುಗಿದರು.

ಮೇಡಂ ಅಡ್ಡ ಬಂದು ನಿಂತರು. “ನಾನು ನೀರು ಹೊಡೆದೆ ಕಣ್ರೀ! ಬಾಡಿದ ಹಾಗೆ ಕಂಡ್ವು ಅಂತ ದಿನಾ ಪಂಪಲ್ಲಿ ನೀರು ಹೊಡೆದೆ, ಕೊನೇ ಎರಡು ದಿನ ಬಾಗಿಲು ಮುಚ್ಚಿಟ್ಟಿದ್ದೆ. ನನ್ನಿಂದ್ಲೇ ಕೊಳೆತಿದ್ದು.”

“ನೀರು ಕುಡುದ್ರೆ ಗಿಡ ಸಾಯ್ತದಾ ಮೇಡಂ?” ಅಂದಳು ಆಕೆ. ನೇತುಹಾಕಿದ ಲೋಳೆಸರಕ್ಕೆ ನೀರು ಹಾಕಿದರೆ ಏನಾಗುತ್ತದೆ ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಯಾರೂ ಹಾಕಿದವರೇ ಅಲ್ಲ. ಆಕೆ ನನ್ನ ಕಡೆ ತಿರುಗಿ ಮೆಲ್ಲಗೆ, “ಒಳ್ಳೇರು ಕಣೇ ಪಾಪ. ನಿನ್ನ ಉಳಿಸಾಕೆ ಹೇಳ್ತಾವ್ರೆ” ಅಂದಳು.

ನನಗೂ ಹಾಗೇ ಅನ್ನಿಸಿತು. ಇದನ್ನು ಬರೆಯುವುದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಬೀದಿಯವರು ನಂಬಿದ್ದು ಹಾಳಾಗಲಿ, ನನ್ನ ಕಣ್ಣು ಎಂಥದ್ದು ಅಂತ ನನಗೇ ಗೊತ್ತಿಲ್ಲದೆ ಹೋಯಿತು. ಮನೆಗೆ ಹೋಗಿ ಅಗುಳಿ ಹಾಕಿಕೊಂಡೆ. ಮೇಡಂ ಬಾಗಿಲು ಬಡಿದು, “ನೀರು ಹಾಕಿದ್ದು ನಿಜ ಕಣ್ರೀ, ನಂಬಿ” ಅಂದರು. ಒಳಗಿಂದಲೇ, “ಆಯ್ತು ಮೇಡಂ, ನಂಬ್ತೀನಿ” ಅಂದೆ. ಅವರು ಒಬ್ಬರೇ ಗೋದಾಮು ತೊಳೆದು ಊರು ಬಿಟ್ಟರು.

ನಾವು ಕಡೂರಿಗೆ ಬಂದ ಮೇಲೆ ಒಮ್ಮೆ ಫೋನ್ ಮಾಡಿದ್ದರು. ತರೀಕೆರೆಯಲ್ಲಿ ಹಳೆಯ ಮರ ಕೊಯ್ಯುವ ಮಿಲ್ಲಿನೊಳಗೆ ಎಕ್ಕ, ಉತ್ತರಾಣಿ ಗಿಡಗಳಿಂದ ಏನೋ ಮಾಡಿದ್ದರಂತೆ. “ಇದನ್ನೂ ಮೊದಲು ನೀವೇ ನೋಡಬೇಕು, ಬನ್ನಿ” ಅಂದರು. ನಾನು ನೋಡಿ ಅದೂ ಹಾಳಾದರೆ? ಮೊಣಕಾಲು ನೋವು, ಬಸ್ಸು ಹತ್ತಕ್ಕಾಗಲ್ಲ ಅಂದುಬಿಟ್ಟೆ. ಮತ್ತೆ ಅವರು ಕರೆಯಲಿಲ್ಲ...

ಸೊಸೆ ಎಲೆ ಕೊಯ್ದ ದಿನ, ಅವಳು ಒಳಗೆ ಹೋದ ಮೇಲೆ, ಎರಡು ಗಿಡ ಕಿತ್ತು ಬಚ್ಚಲ ಸೂರಿಗೆ ತಲೆಕೆಳಗಾಗಿ ಕಟ್ಟಿದೆ. ದಿನಾ ಎರಡನ್ನೂ ಕಣ್ಣಿಟ್ಟು ನೋಡಿದೆ. ಒಂದಕ್ಕೆ ಮಾತ್ರ ನೀರು ಚಿಮುಕಿಸಿದೆ. ಅದು ಮೆತ್ತಗಾಯಿತು, ಕೊಳೆಯಿತು, ಅದೇ ನಾತ. ಇನ್ನೊಂದು ಗಟ್ಟಿಯಾಗಿ, ಹಸಿರಾಗಿ ಹಾಗೇ ಇದೆ.

ಮೇಡಂ ನಿಜವನ್ನೇ ಹೇಳಿದ್ದರು. ಇಷ್ಟು ತಿಳಿಯುವುದಕ್ಕೆ ಎರಡು ಗಿಡ, ಒಂದು ಚೊಂಬು ನೀರು ಸಾಕಿತ್ತು. ಎರಡೂ ಕೊಳೆತರೆ ಏನು ಗತಿ ಅಂತ ಹೆದರಿ ಇಷ್ಟು ವರ್ಷ ಕೂತಿದ್ದೆ. ನನ್ನ ಪರವಾಗಿ ನಿಂತ ಒಬ್ಬರೇ ಒಬ್ಬರನ್ನು ಕರುಣೆಗೆ ಸುಳ್ಳು ಹೇಳಿದವರು ಅಂದುಕೊಂಡಿದ್ದೆ.

ಕೈ ತೊಳೆದುಕೊಂಡು ಅವರ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಅವರ ತಂಗಿ. ಮೇಡಂ ಹೋದ ವರ್ಷವೇ ತೀರಿಕೊಂಡರಂತೆ. ನಾನು ಯಾರು ಅಂತ ಹೇಳಿದ ಕೂಡಲೇ ಆಕೆ, “ಅಜ್ಜಂಪುರದವರಾ? ತರೀಕೆರೇಲಿ ಅಕ್ಕ ನಿಮಗೋಸ್ಕರ ಮಧ್ಯಾಹ್ನದ ತನಕ ಮಿಲ್ಲಿನ ಬಾಗಿಲು ತೆಗೆದಿರ್ಲಿಲ್ಲ. ನೋವು ಕಮ್ಮಿಯಾದ್ರೆ ಬಂದೇ ಬರ್ತಾರೆ ಅಂತಿದ್ಲು” ಅಂದರು.

ಆಮೇಲೆ ಆಕೆಯೇ ಕೇಳಿದರು, “ಈಗ ಮೊಣಕಾಲು ಹೇಗಿದೆ ಅಮ್ಮಾ?”