ಗುಂಡಿಗೆ ಸಿಕ್ಕಿಸಿದ ಬೆಂಕಿಕಡ್ಡಿ

ಇವತ್ತು ನಮ್ಮ ಅಪಾರ್ಟ್‌ಮೆಂಟಿನ ಇಂಟರ್‌ಕಾಮ್ ರಿಪೇರಿಯವರು ಬೆಸುಗೆ ಹಾಕುತ್ತಿದ್ದಾಗ, ಆ ಹೊಗೆಯ ವಾಸನೆಗೆ ಅಪ್ಪ ನೆನಪಾದರು.

ಆಗ ದಾಸರಹಳ್ಳಿಯಲ್ಲಿ ನಾವು ಮೂರನೇ ಮಹಡಿ. ಮಂಡಿನೋವಿನ ಅಜ್ಜಿ ಕೆಳಗಿನ ಕೋಣೆಯಲ್ಲಿ. ಪೀಣ್ಯದ ಫ್ಯಾಕ್ಟರಿಯಲ್ಲಿದ್ದ ಅಪ್ಪ ಎರಡು ಹಳೇ ಸ್ಪೀಕರ್‌ಗಳಿಗೆ ತಂತಿ ಎಳೆದು, ಸೋಪಿನ ಡಬ್ಬಿಯೊಳಗೆ ಆಂಪ್ಲಿಫೈಯರ್ ಕೂರಿಸಿ ಇಂಟರ್‌ಕಾಮ್ ಮಾಡಿದ್ದರು. ಗುಂಡಿ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ.

"ಒತ್ತಿದ್ರೆ ನಮ್ಮ ಮಾತು ಅಜ್ಜಿಗೆ ಕೇಳ್ಸುತ್ತೆ. ಬಿಟ್ರೇನೇ ಅಜ್ಜಿ ಮಾತು ನಮ್ಗೆ. ಮರೀಬೇಡ ಕಣೇ," ಅಂದಿದ್ದರು.

ಒಂದು ಬೆಳಿಗ್ಗೆ, ಅಜ್ಜಿ ಹಾಡು ಕೇಳಲಿ ಎಂದು ರೇಡಿಯೋವನ್ನು ನಮ್ಮ ಕಡೆಯ ಸ್ಪೀಕರ್ ಮುಂದಿಟ್ಟು, ಗುಂಡಿ ಮೇಲೇಳದಂತೆ ಬೆಂಕಿಕಡ್ಡಿ ಸಿಕ್ಕಿಸಿ ಶಾಲೆಗೆ ಹೋದೆ.

ಸಂಜೆ ಬರುವಷ್ಟರಲ್ಲಿ ಅಜ್ಜಿ ತೀರಿಹೋಗಿದ್ದಳು. ಸ್ಪೀಕರನ್ನು ಎದೆಗವುಚಿಕೊಂಡು ಬಿದ್ದಿದ್ದಳಂತೆ. ಅದರಲ್ಲಿ ಹಾಡು ಬರುತ್ತಲೇ ಇತ್ತಂತೆ. ಮೇಲೆ ಮನೆಯಲ್ಲೇ ಇದ್ದ ಅಮ್ಮನಿಗೆ ಅವಳ ಕೂಗು ಕೇಳಿಸಿರಲೇ ಇಲ್ಲ.

ಅಪ್ಪ ಕಡ್ಡಿ ಕಿತ್ತು ಜೇಬಿಗೆ ಹಾಕಿಕೊಂಡರು. ಯಾರು ಸಿಕ್ಕಿಸಿದ್ದೆಂದು ಕೊನೆಯವರೆಗೂ ಕೇಳಲಿಲ್ಲ.

"ಸರಿಹೋಯ್ತು ಮೇಡಂ, ಒತ್ತಿ ಮಾತಾಡಿ."

"ನೀವೇ ಒತ್ತಿ ಅಣ್ಣ," ಎಂದು ಒಳಗೆ ಹೋದೆ.